ಬ್ಯಾಗು ಮೊದಲು ಕಣ್ಣಿಗೆ ಬೀಳುವುದು ಕ್ಲೀನರ್ ಹುಡುಗನಿಗೆ

ಬಾಂಬ್ ತಡೆ ತರಬೇತಿ ಎಂದರೆ ಸಭಾಂಗಣದಲ್ಲಿ ಬಂದು ಕೂರುವವರು ಮ್ಯಾನೇಜರು, ಸೆಕ್ಯೂರಿಟಿ ಸೂಪರ್‌ವೈಸರು, ಸಂಘದ ಕಾರ್ಯದರ್ಶಿ. ಮಾಟುಂಗಾದ ಹೋಟೆಲಿನಲ್ಲಿ ಮೇಜಿನಡಿ ಉಳಿದ ಬ್ಯಾಗನ್ನು ಮೊದಲು ಕಾಣುವವನು ಮೇಜು ಒರೆಸುವ ಹುಡುಗ. ಡೊಂಬಿವಲಿಯ ವಸತಿ ಸೊಸೈಟಿಯಲ್ಲಿ ಮೀಟರ್ ರೂಮಿನ ಮೂಲೆಯ ಪೊಟ್ಟಣ ಕಾಣುವುದು ರಾತ್ರಿ ಪಾಳಿಯ ವಾಚ್‌ಮನ್‌ಗೆ. ಶಾಲೆಯಲ್ಲಿ ಕಾಣುವುದು ಆಯಾಗೆ. ಇವರಲ್ಲಿ ಯಾರಿಗೂ 'ಎಲ್ಲ ನಿಲ್ಲಿಸಿ' ಎನ್ನುವ ಅಧಿಕಾರವನ್ನು ನಾವು ಕೊಟ್ಟಿರುವುದಿಲ್ಲ. ಮುಂಬೈಯಲ್ಲಿ ನಡೆಯುವ ಹೆಚ್ಚಿನ ತರಬೇತಿಗಳ ದೊಡ್ಡ ಕೊರತೆ ಇದೇ ಎಂದು ನನ್ನ ದೃಢ ಅಭಿಪ್ರಾಯ. ಭದ್ರತೆ, ಅಗ್ನಿಶಾಮಕ, ಆಂಬುಲೆನ್ಸ್ ಕೆಲಸದಲ್ಲಿರುವ ಕನ್ನಡಿಗರಿಗೂ ಹೋಟೆಲು, ಸಭಾಭವನ, ಮಂಡಲ ನಡೆಸುವವರಿಗೂ ಉಪಯೋಗವಾಗಲಿ ಎಂದು ವಿವರವಾಗಿ ಬರೆಯುತ್ತಿದ್ದೇನೆ.

ಕಾಗದದ ಮೇಲೆ ನಿಯಮಗಳು ಚೆನ್ನಾಗಿಯೇ ಇವೆ. ಖಾಸಗಿ ಭದ್ರತಾ ಏಜೆನ್ಸಿಗಳ ನಿಯಂತ್ರಣ ಕಾಯ್ದೆ ಬಂದದ್ದು 2005ರಲ್ಲಿ. ಅದರಡಿ ಕೇಂದ್ರ ಸರ್ಕಾರ ಹೊರಡಿಸಿದ ಮಾದರಿ ನಿಯಮಗಳ ಪ್ರಕಾರ ಗಾರ್ಡ್ ಆಗುವವನಿಗೆ ಕನಿಷ್ಠ 100 ಗಂಟೆ ತರಗತಿ, 60 ಗಂಟೆ ಮೈದಾನದ ತರಬೇತಿ, ಅದೂ 20 ಕೆಲಸದ ದಿನಗಳಿಗೆ ಕಡಿಮೆಯಾಗದಂತೆ. ಮಾಜಿ ಸೈನಿಕರಿಗೂ ಮಾಜಿ ಪೊಲೀಸರಿಗೂ 40 ಗಂಟೆ ಮತ್ತು 16 ಗಂಟೆ. ಕಲಿಸಬೇಕಾದ ವಿಷಯಗಳ ಪಟ್ಟಿಯಲ್ಲಿ ಸ್ಫೋಟಕ ಸಾಧನ ಗುರುತಿಸುವುದೂ ಸೇರಿದೆ. ಗಾರ್ಡ್ ನೇಮಿಸಿಕೊಳ್ಳುವ ಸೊಸೈಟಿಯಾಗಲಿ ಹೋಟೆಲಾಗಲಿ ಏಜೆನ್ಸಿಯಿಂದ ಲೈಸೆನ್ಸಿನ ಜೊತೆಗೆ ಆ ಗಾರ್ಡಿನ ತರಬೇತಿ ಪ್ರಮಾಣಪತ್ರವನ್ನೂ ಕೇಳಿ ಪಡೆಯಬೇಕು. ಕೇಳುವವರು ಕಡಿಮೆ.

ಗುರುತಿಸುವುದು ಎಂದಾಗ ತರಗತಿಯಲ್ಲಿ ತೋರಿಸುವುದು ತಂತಿ, ಗಡಿಯಾರ, ಕೆಂಪು ದೀಪ ಇರುವ ಚಿತ್ರ. ಮುಂಬೈ, ಪುಣೆಗಳ ಇತಿಹಾಸದಲ್ಲಿ ಆ ಚಿತ್ರಕ್ಕೆ ಜಾಗವೇ ಇಲ್ಲ. 1993ರ ಮಾರ್ಚ್ 12ರಂದು 257 ಜನರ ಪ್ರಾಣ ತೆಗೆದದ್ದು ನಿಲ್ಲಿಸಿಟ್ಟ ಕಾರು, ಸ್ಕೂಟರು, ಹೋಟೆಲ್ ರೂಮಿನ ಸೂಟ್‌ಕೇಸು. 2003ರ ಆಗಸ್ಟ್ 25ರಂದು ಗೇಟ್‌ವೇ ಆಫ್ ಇಂಡಿಯಾ ಮತ್ತು ಝವೇರಿ ಬಜಾರಿನಲ್ಲಿ ಟ್ಯಾಕ್ಸಿ. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಲೋಕಲ್‌ಗಳ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ ಸುಮಾರು 11 ನಿಮಿಷಗಳಲ್ಲಿ 7 ಸ್ಫೋಟ. ಮಾಟುಂಗಾ ರೋಡ್, ಮಾಹಿಮ್ ಎರಡೂ ಆ ಪಟ್ಟಿಯಲ್ಲಿವೆ. 2010ರ ಫೆಬ್ರವರಿ 13ರಂದು ಪುಣೆ ಕೋರೆಗಾಂವ್ ಪಾರ್ಕ್‌ನ ಜರ್ಮನ್ ಬೇಕರಿಯಲ್ಲಿ ಗಿರಾಕಿಯಂತೆ ಬಂದವನು ಬಿಟ್ಟುಹೋದ ಬ್ಯಾಗು. 2012ರ ಆಗಸ್ಟ್ 1ರಂದು ಪುಣೆಯ ಜಂಗಲಿ ಮಹಾರಾಜ್ ರಸ್ತೆಯಲ್ಲಿ ಸೈಕಲ್ಲು. ಟ್ಯಾಕ್ಸಿ ನಿಲ್ದಾಣದಲ್ಲಿ ಟ್ಯಾಕ್ಸಿ, ಬೇಕರಿಯಲ್ಲಿ ಬ್ಯಾಗು, ಪೇಟೆಯಲ್ಲಿ ಸ್ಕೂಟರು. ಯಾವುದೂ ಆ ಜಾಗಕ್ಕೆ ಪರಕೀಯವಲ್ಲ. ಆದ್ದರಿಂದ ವಸ್ತುವಿನ ರೂಪ ಕಲಿಸುವುದಕ್ಕಿಂತ ಜಾಗದ ರೂಢಿ ಕಲಿಸುವುದು ಮುಖ್ಯ. ಯಾವ ಹೊತ್ತಿಗೆ ಹಾಲಿನವನು ಬರುತ್ತಾನೆ, ಕ್ರೇಟು ಎಲ್ಲಿ ಇಳಿಸುತ್ತಾನೆ, ಗಲ್ಲಾದ ಪಕ್ಕ ಯಾರು ಸಾಮಾನು ಇಡುತ್ತಾರೆ, ಯಾವ ಸ್ಕೂಟರು ಯಾರದ್ದು. ಇದನ್ನು ಬಲ್ಲವನು ಹೊರಗಿನಿಂದ ಬಂದ ಪರಿಣತನಲ್ಲ, ದಿನವೂ ಅಲ್ಲೇ ಇರುವ ಹುಡುಗ.

ಮರೆತುಹೋದ ಬ್ಯಾಗು ಮುಂಬೈಯಲ್ಲಿ ಸರ್ವೇಸಾಮಾನ್ಯ. ಪ್ರತಿಯೊಂದಕ್ಕೂ ಬಾಂಬ್ ಸ್ಕ್ವಾಡ್ ಕರೆಸಲಾಗದು, ಯಾವುದನ್ನೂ ಲೆಕ್ಕಿಸದೆ ಇರಲೂ ಆಗದು. ಬ್ರಿಟನ್ನಿನ ರೈಲ್ವೆ ಪೊಲೀಸರು ಇದೇ ಸಮಸ್ಯೆಗೆ ರೂಪಿಸಿದ ಮೂರು ಪ್ರಶ್ನೆಗಳನ್ನು ಈಗ ಹಲವು ದೇಶಗಳ ತರಬೇತಿಯಲ್ಲಿ ಬಳಸುತ್ತಾರೆ. ಯಾರೋ ಬೇಕೆಂದೇ ಮರೆಮಾಡಿ ಇಟ್ಟಂತಿದೆಯೇ? ನೋಡಿದ ಕೂಡಲೇ ಅನುಮಾನ ಹುಟ್ಟಿಸುವಂತಿದೆಯೇ, ಅಂದರೆ ಹೊರಗೆ ಕಾಣುವ ತಂತಿ, ಬ್ಯಾಟರಿ, ಟೇಪು, ವಿಚಿತ್ರ ವಾಸನೆ, ಇಟ್ಟವನು ಸರಸರನೆ ಹೊರಟುಹೋದದ್ದು? ಈ ಜಾಗದಲ್ಲಿ ಸಾಮಾನ್ಯವಾಗಿ ಸಿಗುವ ವಸ್ತುವೇ? ಊಟದ ಹೊತ್ತು ಕುರ್ಚಿಗೆ ತೂಗಿದ ಲ್ಯಾಪ್‌ಟಾಪ್ ಬ್ಯಾಗು ಮರೆತದ್ದಿರಬಹುದು. ಅದೇ ಬ್ಯಾಗು ಕೈತೊಳೆಯುವ ಬೇಸಿನ್ನಿನ ಕೆಳಗೆ, ಕಸದ ಡಬ್ಬಿಯ ಹಿಂದೆ ಇದ್ದರೆ ಅಲ್ಲಿ ಯಾರೂ ಮರೆತು ಇಡುವುದಿಲ್ಲ. 2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಬ್ಯಾಗು ಇದ್ದದ್ದು ಕೈತೊಳೆಯುವ ಜಾಗದ ಹತ್ತಿರವೇ.

ಮೂರು ಪ್ರಶ್ನೆಗೆ ಉತ್ತರ ಹುಡುಕಲು ಎರಡು ಮೂರು ನಿಮಿಷ ಸಾಕು. ದೂರ ನಿಂತು ಗಟ್ಟಿಯಾಗಿ 'ಅಣ್ಣಾ, ಈ ಬ್ಯಾಗ್ ಯಾರದ್ದು?' ಎಂದು ಕೇಳಬೇಕು. ಅದೇ ಮಾತು ಹಿಂದಿ, ಮರಾಠಿಯಲ್ಲೂ. ಅದೇ ಹೊತ್ತಿಗೆ ಗಲ್ಲಾದಲ್ಲಿರುವವರು ಸಿಸಿಟಿವಿಯನ್ನು ಹತ್ತು ನಿಮಿಷ ಹಿಂದಕ್ಕೆ ಓಡಿಸಿ ನೋಡಬೇಕು. ವಾರಸುದಾರ ಸಿಕ್ಕಿದರೆ ಮುಗಿಯಿತು. ಸಿಗದಿದ್ದರೆ, ಮೂರರಲ್ಲಿ ಒಂದಕ್ಕಾದರೂ ಅನುಮಾನದ ಉತ್ತರ ಬಂದರೆ, ಮುಂದಿನದು ಪೊಲೀಸರ ಕೆಲಸ.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಬ್ಯಾಗಿನ ಒಳಗೆ ಹೆಸರು ವಿಳಾಸ ಇದೆಯೇ ಎಂದು ತೆರೆದು ನೋಡುವುದು, ಇಲ್ಲವೇ ಎತ್ತಿ ಗಲ್ಲಾದ ಹಿಂದೆ ತಂದಿಡುವುದು. ಎರಡೂ ಒಳ್ಳೆಯ ಮನಸ್ಸಿನಿಂದಲೇ ಆಗುವ ಕೆಲಸ. ಗಿರಾಕಿಯ ವಸ್ತು ಕಾಪಾಡಿ ಮರಳಿಸುವುದು ನಮ್ಮ ಹೋಟೆಲುಗಳ ಒಳ್ಳೆಯ ಸಂಪ್ರದಾಯ. ಹಾಗಿದ್ದರೂ ಕೆಲವು ಸಾಧನಗಳು ಸಮಯಕ್ಕೆ ಸಿಡಿಯುತ್ತವೆ, ಕೆಲವು ದೂರದಿಂದ ಬರುವ ಸಂಕೇತಕ್ಕೆ, ಇನ್ನು ಕೆಲವು ಯಾರಾದರೂ ಮುಟ್ಟಿ ಅಲುಗಿಸಿದರೆ, ತೆರೆದರೆ. ಹೊರಗಿನಿಂದ ನೋಡಿ ಯಾವುದು ಯಾವುದೆಂದು ಹೇಳಲು ಸಾಧ್ಯವಿಲ್ಲ. ಜರ್ಮನ್ ಬೇಕರಿಯಲ್ಲಿ ಸಿಬ್ಬಂದಿಯೊಬ್ಬರು ವಾರಸುದಾರರಿಲ್ಲದ ಪೊಟ್ಟಣ ತೆರೆಯಲು ಹೋದಾಗ ಸ್ಫೋಟವಾಯಿತೆಂದು ಆಗ ವರದಿಯಾಗಿತ್ತು. 2008ರ ನವೆಂಬರ್ 26ರ ದಾಳಿಯ ನಂತರ ಮುಂಬೈಯ ಸಿಎಸ್‌ಟಿ ರೈಲು ನಿಲ್ದಾಣದಲ್ಲಿ ಪ್ರಯಾಣಿಕರು ಬಿಟ್ಟು ಓಡಿದ ಸಾಮಾನುಗಳನ್ನು ಒಟ್ಟುಮಾಡಿ ಇಟ್ಟಿದ್ದರು. ಅದೇ ರಾಶಿಯಲ್ಲಿ ಒಂದು ವಾರದ ಮೇಲೆ, ಡಿಸೆಂಬರ್ 3ರಂದು, ಸುಮಾರು 8 ಕಿಲೋ ಸ್ಫೋಟಕ ಸಿಕ್ಕಿತು. ದೊಡ್ಡ ಘಟನೆಯ ಗದ್ದಲದಲ್ಲಿ ಬಿಟ್ಟ ಸಾಮಾನನ್ನು ಬಾಂಬ್ ಸ್ಕ್ವಾಡ್ ಪರೀಕ್ಷಿಸದೆ ಒಂದೆಡೆ ರಾಶಿ ಹಾಕಬಾರದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಡ.

ನೀರು ಸುರಿಯುವುದು, ಬಕೆಟ್ ಕವುಚುವುದು, ಟಯರ್ ಇಡುವುದು, ಕೋಲಿನಿಂದ ಸರಿಸುವುದು ಯಾವುದೂ ಬೇಡ. ಚೂರುಗಳನ್ನು ತಡೆಯುವ ದಪ್ಪ ಹೊದಿಕೆ, ಅಂದರೆ ಬಾಂಬ್ ಬ್ಲ್ಯಾಂಕೆಟ್, ಇದ್ದರೂ ಅದನ್ನು ಹೊದಿಸಲು ಬ್ಯಾಗಿನ ಹತ್ತಿರ ಹೋಗಬೇಕು. ಅದು ತರಬೇತಾದವರ ಕೆಲಸ.

ಈಗ ದೂರದ ಮಾತು. ಬ್ರಿಟಿಷ್ ಮಾರ್ಗದರ್ಶಿಯ ಲೆಕ್ಕ ನೆನಪಿಡಲು ಸುಲಭ: ಕೈಚೀಲದಷ್ಟು ಸಣ್ಣದಕ್ಕೆ ಕನಿಷ್ಠ 100 ಮೀಟರ್, ಸೂಟ್‌ಕೇಸು ಅಥವಾ ಸಣ್ಣ ಕಾರಿಗೆ 200, ದೊಡ್ಡ ವ್ಯಾನು ಲಾರಿಗೆ 400. ಅಮೆರಿಕದ ಪಟ್ಟಿ ಎರಡು ಅಂಕಿ ಕೊಡುತ್ತದೆ. ಸುಮಾರು 23 ಕಿಲೋ ಸ್ಫೋಟಕವಿರಬಹುದಾದ ಸೂಟ್‌ಕೇಸಿಗೆ 46 ಮೀಟರ್ ಒಳಗೆ ಯಾರೂ ಇರಲೇಬಾರದು, ಕಟ್ಟಡದೊಳಗಿದ್ದರೂ ಖಾಲಿಮಾಡಬೇಕು. ಬಯಲಿನಲ್ಲಿ ನಿಂತವರಿಗೆ ಸುರಕ್ಷಿತ ದೂರ 564 ಮೀಟರ್. ಇವೆರಡರ ನಡುವೆ ಇರುವವರು ಕಿಟಕಿಯಿಂದ ದೂರ, ಗಟ್ಟಿ ಗೋಡೆಯ ಹಿಂದೆ ಕಟ್ಟಡದೊಳಗೇ ಉಳಿಯಬಹುದು. ಅಂಕಿಗಳ ನಡುವಿನ ಅಂತರಕ್ಕೆ ಕಾರಣ ಸರಳ. ಒತ್ತಡದ ಅಲೆ ಬೇಗ ಕುಗ್ಗುತ್ತದೆ, ಚೂರುಗಳು ಮಾತ್ರ ಬಹುದೂರ ಹಾರುತ್ತವೆ. ಗೋಡೆ ಚೂರನ್ನು ತಡೆಯುತ್ತದೆ, ಗಾಜು ತಾನೇ ಚೂರಾಗುತ್ತದೆ.

ಮುಂಬೈಯ ಗಲ್ಲಿಯಲ್ಲಿ 100 ಮೀಟರ್ ಎಷ್ಟೆಂದು ಸಿಬ್ಬಂದಿಗೆ ನಡೆಸಿಯೇ ತೋರಿಸಬೇಕು. 12 ಡಬ್ಬಿಯ ಲೋಕಲ್ ಸುಮಾರು 250 ಮೀಟರ್ ಉದ್ದ, ಅಂದರೆ 100 ಮೀಟರ್ ಎಂದರೆ ಹೆಚ್ಚುಕಡಿಮೆ ಐದು ಡಬ್ಬಿ. ದೂರ ಹೋಗಿ ಎಂದಷ್ಟೇ ಹೇಳಿದರೆ ಜನ ಎದುರಿನ ಫುಟ್‌ಪಾತ್‌ನಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ಅದು 15 ಮೀಟರ್ ಕೂಡ ಇರುವುದಿಲ್ಲ. ಬ್ಯಾಗು ನಿಮಗೆ ಕಾಣುತ್ತಿದ್ದರೆ ಅದರ ಚೂರಿಗೂ ನಿಮ್ಮ ದಾರಿ ತೆರೆದೇ ಇದೆ ಎಂಬ ಒಂದು ಮಾತು ಅಂಕಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ರಸ್ತೆಯ ತಿರುವು ದಾಟಿಸಿ ನಿಲ್ಲಿಸಬೇಕು. ಗಾಜಿನ ಮುಂಭಾಗದ ಬ್ಯಾಂಕು, ಶೋರೂಮುಗಳ ಎದುರು ಬೇಡ, ವಾಹನ ನಿಲ್ಲಿಸಿದ ಸಾಲಿನ ಪಕ್ಕವೂ ಬೇಡ. ಸೇರುವ ಜಾಗವನ್ನೂ ಅಲ್ಲಿಗೆ ಹೋಗುವ ದಾರಿಯನ್ನೂ ಇಬ್ಬರು ಮೊದಲೇ ಕಣ್ಣಾಡಿಸಿ ಬರಬೇಕು.

ಬೆಂಕಿ ಬಿದ್ದಾಗಿನ ನಿಯಮಕ್ಕೂ ಇದಕ್ಕೂ ಎರಡು ಮುಖ್ಯ ವ್ಯತ್ಯಾಸ. ಫೈರ್ ಅಲಾರಂ ಒತ್ತಬಾರದು, ಏಕೆಂದರೆ ಆ ಸದ್ದಿಗೆ ಜನ ರೂಢಿಯ ಬಾಗಿಲಿಗೇ ನುಗ್ಗುತ್ತಾರೆ, ಬ್ಯಾಗು ಇರುವುದು ಆ ಬಾಗಿಲಲ್ಲೇ ಇರಬಹುದು. ಬಾಯಿಂದ, ಮೈಕಿನಿಂದ, ಯಾವ ಬಾಗಿಲು ಎಂದು ಹೇಳಿ ಕಳಿಸಬೇಕು. ಎರಡನೆಯದು, ಬೆಂಕಿಯಲ್ಲಿ ಸಾಮಾನು ಬಿಟ್ಟು ಓಡಿ ಎನ್ನುತ್ತೇವೆ. ಇಲ್ಲಿ ಕೈಗೆ ಸಿಗುವ ಸ್ವಂತ ಬ್ಯಾಗು ತೆಗೆದುಕೊಂಡೇ ಹೊರಡಿ ಎನ್ನಬೇಕು. ನೂರು ಬ್ಯಾಗು ಬಿಟ್ಟುಹೋದರೆ ಸ್ಕ್ವಾಡ್‌ಗೆ ನೂರನ್ನೂ ಪರೀಕ್ಷಿಸುವ ಹೊರೆ. ಹೋಟೆಲಿನಲ್ಲಿ ಇನ್ನೊಂದು ವಿಷಯ ಗ್ಯಾಸ್. 19 ಕಿಲೋದ ಸಿಲಿಂಡರುಗಳ ಸಾಲಿನ ಮುಖ್ಯ ವಾಲ್ವು ಹೊರಹೋಗುವ ದಾರಿಯಲ್ಲಿದ್ದರೆ ಮುಚ್ಚಿ ಹೊರಡಬೇಕು, ಬ್ಯಾಗಿನ ಪಕ್ಕ ಹಾದು ಹೋಗಬೇಕಿದ್ದರೆ ಹಾಗೇ ಬಿಡಬೇಕು. ಆ ವಾಲ್ವು ಎಲ್ಲಿದೆ ಎಂದು ಅಡುಗೆ ಭಟ್ಟರಿಗೆ ಮಾತ್ರ ಗೊತ್ತಿರುವ ಹೋಟೆಲುಗಳು ಬಹಳ.

ಮೊಬೈಲು, ವಾಕಿಟಾಕಿಗಳನ್ನು ಬ್ಯಾಗಿನಿಂದ ಕನಿಷ್ಠ 15 ಮೀಟರ್ ಆಚೆಗೆ ಬಂದು, ಮರೆಯಲ್ಲಿ ನಿಂತು ಬಳಸಬೇಕು. 112ಕ್ಕೆ ಕರೆ ಮಾಡಿದವರು ಹೇಳಬೇಕಾದ್ದು: ವಸ್ತು ಏನು, ಎಷ್ಟು ದೊಡ್ಡದು, ನಿಖರವಾಗಿ ಎಲ್ಲಿದೆ, ಯಾವಾಗ ಕಂಡಿತು, ಏಕೆ ಅನುಮಾನ, ಯಾರು ಇಟ್ಟರೆಂದು ಕಂಡವರು ಯಾರು, ಸ್ಕ್ವಾಡ್ ಗಾಡಿ ಯಾವ ಕಡೆಯಿಂದ ಬರಬಹುದು. ರೈಲು, ಪ್ಲಾಟ್‌ಫಾರ್ಮ್‌ಗಳಲ್ಲಾದರೆ 139 ಅಥವಾ ರೈಲ್ವೆ ಪೊಲೀಸರ 1512. ಕಂಡವನನ್ನು ಮನೆಗೆ ಕಳಿಸಬೇಡಿ. ಸ್ಕ್ವಾಡ್‌ನವರು ಮೊದಲು ಮಾತಾಡಬಯಸುವುದು ಅವನ ಜೊತೆ.

ಹುಡುಕುವ ವಿಧಾನಕ್ಕೆ ತರಬೇತಿಯಲ್ಲಿ ಸಿಗುವ ಸಮಯ ತೀರಾ ಕಡಿಮೆ, ಅದಕ್ಕೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಕೋಣೆಗೆ ಇಬ್ಬರು. ಒಳಗೆ ಕಾಲಿಟ್ಟ ಕೂಡಲೇ ಹುಡುಕಬಾರದು. ನಿಂತು, ಫ್ಯಾನು ಎಸಿ ಸದ್ದಿನ ನಡುವೆ ಬೇರೆ ಸದ್ದು ಇದೆಯೇ ಎಂದು ಕೇಳಬೇಕು. ಆಮೇಲೆ ಬೆನ್ನಿಗೆ ಬೆನ್ನು ಮಾಡಿ ಹೊರಟು, ಒಬ್ಬ ಎಡಗೋಡೆ, ಒಬ್ಬ ಬಲಗೋಡೆ ಹಿಡಿದು ಸುತ್ತಿ ಎದುರು ಸೇರಬೇಕು. ಮೊದಲ ಸುತ್ತಿನಲ್ಲಿ ನೆಲದಿಂದ ಸೊಂಟದವರೆಗೆ ಮಾತ್ರ, ಜೊತೆಗೆ ಕೋಣೆಯ ನಡುವಿನ ಮೇಜು ಕುರ್ಚಿ. ಎರಡನೆಯದು ಸೊಂಟದಿಂದ ಗಲ್ಲದವರೆಗೆ. ಮೂರನೆಯದು ಅಲ್ಲಿಂದ ಛಾವಣಿಗೆ. ಕೊನೆಗೆ ಫಾಲ್ಸ್ ಸೀಲಿಂಗು, ಎಸಿ ಡಕ್ಟು. ಎತ್ತರ ಹಂಚದೆ ಹುಡುಕಿದರೆ ಕಣ್ಣು ಕಣ್ಣಿನ ಮಟ್ಟದಲ್ಲೇ ಓಡಾಡುತ್ತದೆ, ಮೇಜಿನಡಿ ಮತ್ತು ಕಪಾಟಿನ ಮೇಲೆ ಉಳಿದುಹೋಗುತ್ತದೆ. ಮುಗಿದ ಕೋಣೆಯ ಬಾಗಿಲಿಗೆ ಸೀಮೆಸುಣ್ಣದ ಗುರುತು. ಕಟ್ಟಡದ ಮಟ್ಟಿಗೆ ಹೊರಗಿನಿಂದ ಒಳಕ್ಕೆ, ಕೆಳಗಿನಿಂದ ಮೇಲಕ್ಕೆ. ಮೊದಲು ಯಾರು ಬೇಕಾದರೂ ಬರಬಹುದಾದ ಜಾಗಗಳು: ವರಾಂಡಾ, ಮೆಟ್ಟಿಲಡಿ, ಶೌಚಾಲಯ, ಚಪ್ಪಲಿ ಸ್ಟ್ಯಾಂಡು, ಕಸದ ಡಬ್ಬಿ. ಬೀಗ ಹಾಕಿದ ಸ್ಟೋರು ಕೊನೆಗೆ. ಒಂದು ಸಿಕ್ಕಿತೆಂದು ಸುರಕ್ಷಿತ ಜಾಗಗಳ ತಪಾಸಣೆ ನಿಲ್ಲಬಾರದು. 2010ರ ಏಪ್ರಿಲ್ 17ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಂಬೈ ಇಂಡಿಯನ್ಸ್ ಪಂದ್ಯಕ್ಕೆ ಮೊದಲು ಎರಡು ಸ್ಫೋಟಗಳಾದ ಮೇಲೂ ಸಿಡಿಯದ ಬಾಂಬ್ ಸಿಕ್ಕಿತ್ತು.

ಬೆದರಿಕೆ ಕರೆ, ಇ-ಮೇಲುಗಳದ್ದು ಬೇರೆಯೇ ತಲೆನೋವು. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ, 2024ರ ಅಕ್ಟೋಬರ್‌ನಲ್ಲಿ ನೂರಾರು ವಿಮಾನಗಳಿಗೆ ಹುಸಿ ಬೆದರಿಕೆ ಬಂತು. ಪ್ರತಿ ಬಾರಿಯೂ ಕಟ್ಟಡ ಖಾಲಿ ಮಾಡಿಸುವುದೂ ತಪ್ಪು, 'ಮತ್ತೆ ಹುಸಿಯೇ' ಎಂದು ಬದಿಗಿಡುವುದೂ ತಪ್ಪು. ವಿಮಾನ ನಿಲ್ದಾಣಗಳಲ್ಲಿ ಇದಕ್ಕೆಂದೇ ಸಮಿತಿಯಿದ್ದು, ಬೆದರಿಕೆ ನಿರ್ದಿಷ್ಟವೋ ಅಲ್ಲವೋ ಎಂದು ತೂಗುತ್ತದೆ. ಜಾಗ, ಹೊತ್ತು, ವಿಮಾನದ ಸಂಖ್ಯೆ ಇದ್ದರೆ ಒಂದು ಕ್ರಮ, ಇಲ್ಲದಿದ್ದರೆ ಇನ್ನೊಂದು. ಶಾಲೆ, ಹೋಟೆಲುಗಳೂ ಯಾರು ತೀರ್ಮಾನಿಸುವವರು, ಅವರಿಲ್ಲದಾಗ ಯಾರು ಎಂದು ಎರಡು ಹೆಸರು ಬರೆದಿಡಬೇಕು. ಪೊಲೀಸರ ಜೊತೆ ಮಾತಾಡಿ ಸದ್ದಿಲ್ಲದೆ ಹುಡುಕುವುದು, ಒಂದು ಭಾಗ ಖಾಲಿಮಾಡುವುದು, ಪೂರ್ತಿ ಖಾಲಿಮಾಡುವುದು, ಹೀಗೆ ಮೂರು ದಾರಿಗಳಿವೆ. ಪೂರ್ತಿ ಖಾಲಿಮಾಡುವುದೆಂದರೆ ನೂರಾರು ಮಕ್ಕಳನ್ನು ಯಾರೂ ಪರೀಕ್ಷಿಸದ ಬೀದಿಗೆ ತರುವುದು ಎಂಬುದು ನೆನಪಿರಲಿ.

ಕರೆ ಎತ್ತಿದವರು ಕರೆ ಕಡಿಯದೆ ಮಾತು ಬೆಳೆಸಬೇಕು. ಯಾವಾಗ ಸಿಡಿಯುತ್ತದೆ, ಎಲ್ಲಿದೆ, ಹೇಗೆ ಕಾಣುತ್ತದೆ, ಏಕೆ ಇಟ್ಟೆ, ನೀನು ಯಾರು ಎಂಬ ಪ್ರಶ್ನೆಗಳ ಚೀಟಿ ಫೋನಿನ ಪಕ್ಕದಲ್ಲೇ ಅಂಟಿಸಿರಲಿ. ಅವನ ಮಾತನ್ನು ಸಾರಾಂಶ ಮಾಡದೆ ಅವನ ಶಬ್ದಗಳಲ್ಲೇ ಬರೆಯಬೇಕು. ಹಿಂದಿನಿಂದ ಲೋಕಲ್‌ನ ಪ್ರಕಟಣೆ, ಟ್ರಾಫಿಕ್ಕು, ಗಂಟೆ, ಟಿವಿ, ಏನು ಕೇಳಿತು? ಹಿಂದಿ ಯಾವ ಸೀಮೆಯದ್ದು? ಇ-ಮೇಲ್ ಆದರೆ ಅಳಿಸದೆ ಮೂಲ ಪ್ರತಿ ಹಾಗೇ ಇಡಬೇಕು. ಸ್ಕ್ರೀನ್‌ಶಾಟ್ ಒಂದೇ ಸಾಲದು. ಪಾಲಕರ ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ. ಹೆಸರು ಮರೆಮಾಚಿ ಬೆದರಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 351(4)ರ ಪ್ರಕಾರ ಬೆದರಿಕೆಯ ಶಿಕ್ಷೆಯ ಮೇಲೆ ಇನ್ನೂ 2 ವರ್ಷದವರೆಗೆ ಜೈಲು ಇದೆ.

ಆಂಬುಲೆನ್ಸ್, ಅಗ್ನಿಶಾಮಕದವರಿಗೆ ಬಲು ಕಷ್ಟದ ವಿಷಯ ಎರಡನೆಯ ಬಾಂಬು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾದ ಮೇಲೆ ಗಾಯಾಳುಗಳನ್ನು ತರುತ್ತಿದ್ದ ಸಿವಿಲ್ ಆಸ್ಪತ್ರೆಯಲ್ಲೇ ಸ್ಫೋಟವಾಯಿತು. ಗಾಡಿ ನಿಲ್ಲಿಸುವ ಮೊದಲು ಆ ಜಾಗದ ಸುತ್ತ ಐದು ಮೀಟರ್, ಇಳಿದ ಮೇಲೆ ಇಪ್ಪತ್ತು ಮೀಟರ್ ಕಣ್ಣಾಡಿಸುವುದು ಅಭ್ಯಾಸವಾಗಬೇಕು. ಪ್ರತಿ ಬಾರಿ ಒಂದೇ ಮೂಲೆಯಲ್ಲಿ ಕಮಾಂಡ್ ಜಾಗ ಮಾಡಬಾರದು. ನಡೆಯಬಲ್ಲವರನ್ನು ಕೈಬೀಸಿ ಹೊರಗೆ ಕರೆಯಬೇಕು; ಕಿವಿಯ ತಮಟೆ ಒಡೆದವರಿಗೆ ಕೂಗಿದ್ದು ಕೇಳಿಸದು, ಅವರು ಹಠ ಮಾಡುತ್ತಿರುವುದಲ್ಲ. ರಕ್ತ ಚಿಮ್ಮುತ್ತಿರುವ ಕೈಕಾಲಿಗೆ ಗಾಯದಿಂದ 5-7 ಸೆಂಟಿಮೀಟರ್ ಮೇಲೆ, ಕೀಲು ಬಿಟ್ಟು ಟೂರ್ನಿಕೆ, ಅಂದರೆ ರಕ್ತ ನಿಲ್ಲಿಸುವ ಪಟ್ಟಿ, ಬಿಗಿದು, ಬಿಗಿದ ಸಮಯ ಬರೆದಿಡಬೇಕು. ಚುಚ್ಚಿಕೊಂಡ ಚೂರು ಕೀಳಬಾರದು. ಮೈಮೇಲೆ ಒಂದು ಗೀರೂ ಇಲ್ಲದವನಿಗೂ ಒತ್ತಡದಿಂದ ಶ್ವಾಸಕೋಶಕ್ಕೆ ಪೆಟ್ಟಾಗಿದ್ದು ತಡವಾಗಿ ಏದುಸಿರು ಶುರುವಾಗಬಹುದು. ರೈಲು ಡಬ್ಬಿ, ಬಸ್ಸಿನಂಥ ಮುಚ್ಚಿದ ಜಾಗದಲ್ಲಿ ಅಲೆ ಗೋಡೆಗೆ ಬಡಿದು ಮರಳುವುದರಿಂದ ಈ ಪೆಟ್ಟು ಹೆಚ್ಚು. ಅಂಥವರನ್ನು 'ಚೆನ್ನಾಗಿದ್ದೀರಿ' ಎಂದು ಮನೆಗೆ ಕಳಿಸಬಾರದು.

ಯಂತ್ರಗಳ ಬಗ್ಗೆ ಎರಡೇ ಮಾತು. ಬಾಗಿಲ ಚೌಕಟ್ಟಿನ ಮತ್ತು ಕೈಯಲ್ಲಿ ಹಿಡಿಯುವ ಡಿಟೆಕ್ಟರು ಹುಡುಕುವುದು ಲೋಹವನ್ನು, ಸ್ಫೋಟಕವನ್ನಲ್ಲ. ಎಲ್ಲರಿಗೂ ಕೂಗಿಕೊಳ್ಳುವ ಯಂತ್ರದ ಪಕ್ಕ ಗಾರ್ಡ್ ಎಲ್ಲರನ್ನೂ ಒಳಬಿಡುತ್ತಿದ್ದರೆ ಅದು ಇದ್ದೂ ಇಲ್ಲದಂತೆ. ಬ್ಯಾಗು ತೆರೆಸಿ, ತಳದವರೆಗೆ ಬೆಳಕು ಹಾಯಿಸಿ ನೋಡುವ ಒಬ್ಬ ಮನುಷ್ಯ ಬೇಕು. ದುಬಾರಿ ಪೆಟ್ಟಿಗೆ ಮಾರಲು ಬರುವವರನ್ನು ಪರೀಕ್ಷಾ ವರದಿ ಕೇಳಿ. ಎಡಿಇ 651 ಎಂಬ ನಕಲಿ ಡಿಟೆಕ್ಟರು ಇರಾಕಿನ ಚೆಕ್‌ಪೋಸ್ಟ್‌ಗಳಲ್ಲಿ ವರ್ಷಗಟ್ಟಲೆ ಬಳಕೆಯಾಯಿತು, ಅದನ್ನು ಮಾರಿದ ಬ್ರಿಟಿಷ್ ವ್ಯಾಪಾರಿಗೆ 2013ರಲ್ಲಿ 10 ವರ್ಷ ಜೈಲಾಯಿತು. ನಿಜವಾದ ಕೆಲಸ ಪುಣೆಯಲ್ಲೇ ನಡೆಯುತ್ತಿದೆ: ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಎಚ್‌ಇಎಂಆರ್‌ಎಲ್ ಪ್ರಯೋಗಾಲಯ ಬಣ್ಣ ಬದಲಾವಣೆಯಿಂದ ಸ್ಫೋಟಕ ಗುರುತಿಸುವ ಕಿಟ್ ರೂಪಿಸಿದೆ, ನಮ್ಮ ಬೆಂಗಳೂರಿನ ಐಐಎಸ್‌ಸಿ ಜೊತೆ ಸೇರಿ ರೈಡರ್-ಎಕ್ಸ್ ಎಂಬ ಸ್ಫೋಟಕ ಪತ್ತೆ ಸಾಧನ ತಯಾರಿಸಿದೆ. ಬಾಂಬ್ ಹತ್ತಿರ ಮನುಷ್ಯನ ಬದಲು ಹೋಗುವ ದಕ್ಷ್ ರೋಬೋಟ್ ಕೂಡ ಪುಣೆಯ ಡಿಆರ್‌ಡಿಒ ಪ್ರಯೋಗಾಲಯದ್ದೇ.

ವಾಹನದ ವಿಷಯದಲ್ಲಿ ಗಾರ್ಡ್‌ನ ಕಣ್ಣೇ ದೊಡ್ಡದು. 2021ರ ಫೆಬ್ರವರಿ 25ರಂದು ಕಾರ್ಮೈಕೇಲ್ ರಸ್ತೆಯಲ್ಲಿ 20 ಜಿಲೆಟಿನ್ ಕಡ್ಡಿಗಳಿದ್ದ ಸ್ಕಾರ್ಪಿಯೊ ನಿಂತದ್ದನ್ನು ಪೊಲೀಸರಿಗೆ ತಿಳಿಸಿದ್ದು ಪಕ್ಕದ ಮನೆಯ ಭದ್ರತಾ ಸಿಬ್ಬಂದಿ. ಸೊಸೈಟಿಯ ವಾಚ್‌ಮನ್ ಬಳಿ ನಿವಾಸಿಗಳ ಗಾಡಿ ಸಂಖ್ಯೆಗಳ ಪಟ್ಟಿ ಇದ್ದರೆ ಹೊಸದು ತಾನಾಗಿ ಎದ್ದು ಕಾಣುತ್ತದೆ.

ಗಣೇಶೋತ್ಸವಕ್ಕೆ, ಕಿಂಗ್ಸ್ ಸರ್ಕಲ್ಲಿನ ಜಿಎಸ್‌ಬಿ ಮಂಡಲದಂಥ ಭಾರಿ ಜನಸಂದಣಿಯಿಂದ ಹಿಡಿದು ಸೊಸೈಟಿಯ ಸಣ್ಣ ಚಪ್ಪರದವರೆಗೆ, ಸ್ವಯಂಸೇವಕರಿಗೆ ವಲಯ ಹಂಚಿ ಅರ್ಧ ಗಂಟೆಗೊಮ್ಮೆ ತಮ್ಮ ವಲಯ ನೋಡಲು ಹೇಳುವುದೇ ಉತ್ತಮ ಕ್ರಮ. ಚಪ್ಪರ ಕಟ್ಟಿ ಮುಗಿದ ದಿನ ಪ್ರತಿ ಮೂಲೆಯ ಫೋಟೊ ತೆಗೆದಿಟ್ಟರೆ ಆಮೇಲೆ ಹೋಲಿಸಲು ಸುಲಭ. ಕಸಕ್ಕೆ ಪಾರದರ್ಶಕ ಚೀಲ. ಭಕ್ತರ ಬ್ಯಾಗು ಇಟ್ಟುಕೊಳ್ಳುವ ಸೇವೆ ಬೇಡ, ಹಣ್ಣುಕಾಯಿ ಬುಟ್ಟಿ ಕೈಯಿಂದ ಕೈಗೆ ಮಾತ್ರ. ಜನರೇಟರು, ಡೀಸೆಲ್ ಡ್ರಮ್ಮಿನ ಸುತ್ತ ಬೇಲಿ ಮತ್ತು ಬೀಗ.

ಅಭ್ಯಾಸಕ್ಕೆ ಮೂರು ತಿಂಗಳಿಗೊಮ್ಮೆ ಒಂದು ಡಮ್ಮಿ ಬ್ಯಾಗು ಸಾಕು. ಹಳೆಯ ಬಟ್ಟೆ ತುಂಬಿದ ಸಾಮಾನ್ಯ ಬ್ಯಾಗು. ತಂತಿ, ಗಡಿಯಾರ ಹಾಕಿ ಹೆದರಿಸಬಾರದು. ಒಳಗೆ 'ಅಭ್ಯಾಸಕ್ಕಾಗಿ' ಎಂಬ ಚೀಟಿ, ಪೊಲೀಸ್ ಠಾಣೆಗೆ ಮೊದಲೇ ತಿಳಿಸಿದ ಪತ್ರ, ಜವಾಬ್ದಾರರೊಬ್ಬರು ಹತ್ತಿರದಲ್ಲೇ. ಅಳೆಯಬೇಕಾದ್ದು ಇಟ್ಟ ಹೊತ್ತಿನಿಂದ ಯಾರಾದರೂ ಬಾಯಿಬಿಟ್ಟ ಹೊತ್ತಿನವರೆಗೆ ಎಷ್ಟು ನಿಮಿಷ, ಬಾಯಿಬಿಟ್ಟವನ ಮಾತಿಗೆ ಮೇಲಿನವರು ಕಿವಿಗೊಡಲು ಇನ್ನೆಷ್ಟು ನಿಮಿಷ. 'ಶೆಟ್ರೇ, ಆ ಬ್ಯಾಗಿಗೆ ಜನ ಇಲ್ಲ' ಎಂದ ಹುಡುಗನಿಗೆ ಊಟದ ರಶ್ಶಿನಲ್ಲಿ 'ಮೊದಲು ಮೇಜು ಒರೆಸು' ಎಂದು ಉತ್ತರ ಬಂದರೆ ಮುಂದಿನ ಸಲ ಅವನು ಹೇಳುವುದಿಲ್ಲ. ಹೇಳಿದ್ದು ಸುಳ್ಳಾದರೂ ಬೈಯುವುದಿಲ್ಲವೆಂದು ಮಾಲೀಕರು ಎಲ್ಲರ ಎದುರು ಹೇಳಬೇಕು. ಪಾಠ ಹುಡುಗರ ಭಾಷೆಯಲ್ಲಿರಬೇಕು: ಕುಂದಾಪುರದವನಿಗೆ ಕನ್ನಡ, ಬಿಹಾರದ ಗಾರ್ಡ್‌ಗೆ ಹಿಂದಿ, ಮನೆಗೆಲಸದ ಮಾವಶಿಗೆ ಮರಾಠಿ. ಒಂದೂವರೆ ಗಂಟೆ ಸಾಕು, ಅದರಲ್ಲಿ ಒಂದು ಗಂಟೆ ಎದ್ದು ಓಡಾಡಿಯೇ ಕಲಿಯಬೇಕು.

ಅದೇ ದಿನ ಸಿಸಿಟಿವಿಯ ಗಡಿಯಾರ ಸರಿಯಿದೆಯೇ ನೋಡಿ. ಏಳೆಂಟು ನಿಮಿಷ ಹಿಂದೆ ಮುಂದೆ ಇದ್ದರೆ ಪಕ್ಕದ ಅಂಗಡಿಯ ದೃಶ್ಯಕ್ಕೆ ತಾಳೆಯಾಗದೆ ತನಿಖೆ ಎಡವುತ್ತದೆ. ಎಷ್ಟು ದಿನದ ದೃಶ್ಯ ಉಳಿಯುತ್ತದೆ, ಪಾಸ್‌ವರ್ಡ್ ಯಾರ ಬಳಿ, ರಾತ್ರಿ ಪಾಳಿಯಲ್ಲಿ ಹಿಂದಕ್ಕೆ ಓಡಿಸಿ ನೋಡಬಲ್ಲವರು ಯಾರು, ಈ ಮೂರನ್ನೂ ಗಲ್ಲಾದ ಒಳಬದಿಗೆ ಬರೆದು ಅಂಟಿಸಿ.